ಬೀಗ ಹಾಕಿದ ಬಾಗಿಲಿಗೊಂದು ಸನ್ಮಾನ ಪತ್ರ

ಚಳ್ಳಕೆರೆಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ನಾನು ಒಂಬತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕ. ಅತಿಥಿ ಎಂದ ಕೂಡಲೇ ಎಲೆ ಹಾಕಿ ಹೋಳಿಗೆ ಬಡಿಸುತ್ತಿದ್ದರು ಎಂದುಕೊಳ್ಳಬೇಡಿ. ಜೂನ್ ತಿಂಗಳಲ್ಲಿ ಕರೆದರೆ ಹೋಗಬೇಕು, ಕರೆಯದಿದ್ದರೆ ಯಾಕೆ ಎಂದು ಕೇಳಬಾರದು, ಅಷ್ಟೇ ಆತಿಥ್ಯ. ನಾನು ಸೇರಿದ ವರ್ಷ ಅಂಗಳದಲ್ಲಿ ನೆಟ್ಟ ಬೇವಿನ ಸಸಿ ಬೇರು ಬಿಟ್ಟು ಖಾಯಂ ಆಯಿತು. ನಾನು ಮಾತ್ರ ಪ್ರತಿ ಏಪ್ರಿಲ್‌ನಲ್ಲಿ ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋಗುತ್ತಿದ್ದೆ.

ಒಂಬತ್ತು ಜೂನ್‌ಗಳಲ್ಲೂ ನನ್ನನ್ನು ತಪ್ಪದೆ ಕರೆದದ್ದಕ್ಕೆ ಪಾಠ ಕಾರಣವಲ್ಲ, ಸನ್ಮಾನ ಪತ್ರ ಕಾರಣ. ನಮ್ಮ ಕಡೆ ಯಾರೇ ನಿವೃತ್ತರಾಗಲಿ, ಯಾವುದೋ ಸಂಘದಿಂದ ಪ್ರಶಸ್ತಿ ಪಡೆಯಲಿ, ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಗಾಜಿನ ಕಟ್ಟು ಹಾಕಿದ ಒಂದು ಸನ್ಮಾನ ಪತ್ರ ಕೊಡಲೇಬೇಕು. ಕೊಟ್ಟರೆ ಸಾಲದು, ವೇದಿಕೆಯ ಮೇಲೆ ಅದನ್ನು ಗಟ್ಟಿಯಾಗಿ ಓದಬೇಕು. ಸನ್ಮಾನಿತರು ದೊಡ್ಡ ಕುರ್ಚಿಯಲ್ಲಿ ಕೂತು, ಇದೆಲ್ಲ ನನಗೆ ಯಾಕೆ ಎನ್ನುವಂತೆ ತಲೆ ತಗ್ಗಿಸಿ, ಒಂದು ಅಕ್ಷರವೂ ಬಿಟ್ಟುಹೋಗದಂತೆ ಕಿವಿ ತೆರೆದು ಕೇಳಬೇಕು. ತಳಕಿನಿಂದ ಮೊಳಕಾಲ್ಮೂರಿನವರೆಗೆ ಇಂಥ ಪತ್ರಗಳನ್ನು ಬರೆಯುವವನು ನಾನು, ಓದುವವನೂ ನಾನು. ಸಿಡುಕ ಸಿಕ್ಕರೆ ‘ನೇರ ನಡೆನುಡಿಯವರೇ’ ಎಂದು ಬರೆಯುತ್ತಿದ್ದೆ. ಕೇಳಿದ್ದಕ್ಕೆ ಉತ್ತರ ಕೊಡದ ಅಧಿಕಾರಿಗೆ ‘ಮಿತಭಾಷಿಗಳೇ’. ತಿಂಗಳಿಗೊಮ್ಮೆ ಸಹಿ ಹಾಕಲು ಮಾತ್ರ ಬರುತ್ತಿದ್ದ ಒಬ್ಬ ಮೇಷ್ಟ್ರಿಗೆ ‘ಎಲೆಮರೆಯ ಕಾಯಿಯೇ’ ಎಂದು ಬರೆದಾಗ ಅವರ ಮನೆಯವರು ಕಣ್ಣೀರು ಹಾಕಿದ್ದರು. ಆ ದಿನ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತು.

ಹೀಗೆ ಬೆಣ್ಣೆ ಹಚ್ಚುವುದರಲ್ಲಿ ಕೈ ಪಳಗಿದ್ದ ನನಗೆ ಆ ವರ್ಷ ಪಾಠಕ್ಕೆ ಬಂದದ್ದು ಅಮೆರಿಕದವರೊಬ್ಬರು ಬಹಳ ಹಿಂದೆ ಬರೆದ ಒಂದು ಕಾದಂಬರಿ. ಪುಟಪುಟಕ್ಕೂ ವಿಡಂಬನೆ. ಊರಿನ ದೊಡ್ಡ ಮನುಷ್ಯರನ್ನು ಲೇಖಕ ಹೊಗಳುತ್ತಲೇ ಹೋಗುತ್ತಾನೆ, ಓದುತ್ತ ಹೋದಂತೆ ಆ ದೊಡ್ಡ ಮನುಷ್ಯರು ಗೇಣು ಗೇಣಾಗಿ ಕುಳ್ಳರಾಗುತ್ತ ಹೋಗುತ್ತಾರೆ. ಪರೀಕ್ಷೆಗೆ ಬರುವ ಪ್ರಶ್ನೆ ಮೂರೇ. ವಿಡಂಬನೆ ಎಂದರೇನು, ಟೋನ್ ಎಂದರೇನು, ಮೂಡ್ ಎಂದರೇನು. ಮಕ್ಕಳು ಕಾದಂಬರಿ ಕೊಂಡಿರಲಿಲ್ಲ, ಗೈಡ್ ಕೊಂಡಿದ್ದರು. ಮೊದಲ ಟೆಸ್ಟಿನಲ್ಲಿ ನಲವತ್ತು ಜನ ಬರೆದ ಉತ್ತರ ಒಂದೇ: ಈ ಕಾದಂಬರಿಯ ಟೋನ್ ವಿಡಂಬನಾತ್ಮಕವಾಗಿದೆ, ಮೂಡ್ ಕೂಡ ವಿಡಂಬನಾತ್ಮಕವಾಗಿದೆ. ಓದಿ ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಗೈಡುಗಳನ್ನು ಬೆಂಚಿನ ಕೆಳಗೆ ಇಡಿಸಿದೆ. ‘ನೀವು ಮನೆಗೆ ತಡವಾಗಿ ಹೋದರೆ ಅವ್ವ ಏನಂತಾಳೆ?’ ಎಂದು ಕೇಳಿದೆ.

ನನ್ನಿವಾಳದ ಕಡೆಯ ಹುಡುಗನೊಬ್ಬ ಎದ್ದು ನಿಂತು, ‘ಬಾರಪ್ಪ ಮಹರಾಯ, ಇಷ್ಟು ಬೇಗ ಯಾಕ್ ಬಂದಿ ಅಂತಾಳೆ ಸಾರ್’ ಎಂದ.

‘ನೀನು ನಿಜವಾಗ್ಲೂ ಮಹರಾಯನೇನೋ?’

‘ಅಲ್ಲ ಸಾರ್. ಆಮ್ಯಾಲೆ ಮುದ್ದೆ ತಟ್ಟೆ ಇಡೋ ಸದ್ದು ಕೇಳಿದ್ರೆ ಗೊತ್ತಾಗುತ್ತೆ.’

ಕ್ಲಾಸೆಲ್ಲ ನಕ್ಕಿತು. ಅವ್ವನ ಬಾಯಿಂದ ಬಂದದ್ದು ಹೊಗಳಿಕೆ, ಅದನ್ನು ಹೇಳಿದ ದನಿ ಟೋನ್, ತಟ್ಟೆ ಇಟ್ಟ ಮೇಲೆ ಅಡುಗೆಮನೆಯಲ್ಲಿ ಕೂತವರಿಗೆಲ್ಲ ಗಂಟಲಲ್ಲಿ ತುತ್ತು ಇಳಿಯದಂತೆ ಆಗುತ್ತದಲ್ಲ, ಅದು ಮೂಡ್ ಎಂದೆ. ಗೈಡು ಒಂದು ವರ್ಷದಲ್ಲಿ ಕಲಿಸದೆ ಇದ್ದದ್ದು ಐದು ನಿಮಿಷದಲ್ಲಿ ತಲೆಗೆ ಹತ್ತಿತು. ಉತ್ಸಾಹ ಬಂದು ಒಂದು ಮನೆಪಾಠ ಕೊಟ್ಟೆ. ನಮ್ಮ ಊರಿನ ಪದ್ಧತಿಯಂತೆ ಒಂದು ಸನ್ಮಾನ ಪತ್ರ ಬರೆಯಿರಿ, ಪ್ರತಿ ಸಾಲೂ ಹೊಗಳಿಕೆಯೇ ಆಗಿರಬೇಕು, ಆದರೆ ವಿಡಂಬನೆಯಾಗಿರಬೇಕು, ಮೊದಲು ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷ್ ಆಮೇಲೆ ನೋಡೋಣ ಎಂದೆ.

ಹುಡುಗರು ಬಸ್ ಕಂಡಕ್ಟರನ ಮೇಲೆ, ಕ್ಯಾಂಟೀನಿನ ವಡೆಯ ಮೇಲೆ ಬರೆದು ತಂದರು. ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಒಬ್ಬ ಹುಡುಗಿ ಇದ್ದಳು. ನೇಕಾರರ ಮನೆಯವಳು, ಬೆಳಗ್ಗೆ ಅಪ್ಪನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಟ್ಟು ಬಸ್ಸು ಹತ್ತುವವಳು. ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳು ಬರೆದದ್ದು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ಮೇಲೆ.

ವಿಷಯ ಇಷ್ಟು. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ಹಳೆಯ ಶೌಚಾಲಯ ಇತ್ತು. ಅದನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಿದರು. ಗೋಡೆಗೆ ಟೈಲ್ಸ್, ಬಾಗಿಲಿಗೆ ಹಿತ್ತಾಳೆ ಹಿಡಿ, ಪಕ್ಕದಲ್ಲಿ ಅಧ್ಯಕ್ಷರ ಹೆಸರು ಕೆತ್ತಿದ ಕಲ್ಲು, ಕಲ್ಲಿಗೊಂದು ಪರದೆ. ಕಲ್ಲಿನಲ್ಲಿ ದಿನಾಂಕದ ಜಾಗ ಮಾತ್ರ ಖಾಲಿ. ಯಾಕೆಂದರೆ ಅಧ್ಯಕ್ಷರು ಉದ್ಘಾಟನೆಗೆ ದೊಡ್ಡ ನಾಯಕರೊಬ್ಬರನ್ನು ಕರೆಯಬೇಕೆಂದಿದ್ದರು, ಆ ನಾಯಕರಿಗೆ ದಿನ ಸಿಗುತ್ತಿರಲಿಲ್ಲ. ಉದ್ಘಾಟನೆ ಆಗದ ಕಟ್ಟಡದ ಬಾಗಿಲು ತೆಗೆಯುವ ಹಾಗಿಲ್ಲ. ಕಟ್ಟಿದ್ದ ಕೆಂಪು ಟೇಪು ಬಿಸಿಲಿಗೆ ಬಿಳಿಚಿಕೊಂಡಿತ್ತು, ಬೀಗ ತುಕ್ಕು ಹಿಡಿದಿತ್ತು. ಯಾರೋ ಹುಡುಗಿಯರು ಹೋಗಿ ಕೇಳಿದ್ದಕ್ಕೆ ಆಫೀಸಿನ ಮ್ಯಾನೇಜರ್, ‘ಫಂಕ್ಷನ್ ಆಗ್ಲಿ ತಡೀರಮ್ಮ, ಮೊದ್ಲೇ ಬಳಸಿದ್ರೆ ದೊಡ್ಡೋರಿಗೆ ಅವಮಾನ ಮಾಡ್ದಂಗೆ’ ಎಂದು ಬುದ್ಧಿ ಹೇಳಿ ಕಳಿಸಿದ್ದರಂತೆ.

ಕಾಂಪೌಂಡಿನ ಹಿಂದೆ ಗ್ಯಾರೇಜಿನ ಸಾಬರ ಮನೆ ಇತ್ತು. ಆ ಮನೆಯಾಕೆ ‘ಆವೋ ಬೇಟಿ’ ಎಂದು ಬಾಗಿಲು ತೆಗೆಯುತ್ತಿದ್ದರು. ಆದರೂ ಬೇರೆಯವರ ಮನೆಗೆ ದಿನಕ್ಕೆ ಎಷ್ಟು ಸಲ ಹೋಗಲಾಗುತ್ತದೆ, ಎಷ್ಟು ಜನ ಹೋಗಲಾಗುತ್ತದೆ? ಹಾಗಾಗಿ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಈ ಬೀಗ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಅದರ ಮುಂದೆಯೇ ಹಾದು ಗಂಡಸರ ಕಡೆ ಹೋಗುತ್ತಿದ್ದೆ. ನನ್ನ ಕೆಲಸ ಆಗುತ್ತಿತ್ತು, ಮುಂದಿನದನ್ನು ಯೋಚಿಸಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಅವಳ ಪತ್ರ ಹೀಗಿತ್ತು. ‘ಹೆಣ್ಣುಮಕ್ಕಳಿಗಾಗಿ ಶೌಚಾಲಯ ಕಟ್ಟಿಸಿ, ಅದರ ಒಂದು ಟೈಲ್ಸೂ ಮಾಸಬಾರದೆಂದು ಎರಡು ವರ್ಷದಿಂದ ಬೀಗ ಹಾಕಿಸಿ ಕಾಪಾಡಿದ ಸ್ವಚ್ಛತೆಯ ಹರಿಕಾರರೇ, ಬೆಳಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವತನಕ ಹನಿ ನೀರು ಮುಟ್ಟದಂತೆ ನಮ್ಮನ್ನು ತಪಸ್ಸಿಗೆ ಹಚ್ಚಿದ ಮಹನೀಯರೇ, ಬಾರದ ದಿನಾಂಕಕ್ಕೆ ಕಾಯುವುದನ್ನು ಕಲಿಸಿದ ಸಹನೆಯ ಗುರುಗಳೇ, ತಮಗೆ ಇದೋ ನಮ್ಮ ಸನ್ಮಾನ.’ ಇನ್ನೂ ನಾಲ್ಕೈದು ಸಾಲು ಇದ್ದವು. ಒಂಬತ್ತು ವರ್ಷ ನಾನು ಬರೆದ ಪತ್ರಗಳನ್ನೆಲ್ಲ ತೂಕಕ್ಕೆ ಹಾಕಿದರೂ ಇದಕ್ಕೆ ಸಮವಾಗುತ್ತಿರಲಿಲ್ಲ. ಹೊಟ್ಟೆಕಿಚ್ಚಾಯಿತು. ‘ಬಹಳ ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿ, ಹಾಳೆಯನ್ನು ಸ್ಟಾಫ್ ರೂಮಿನ ನನ್ನ ಮೇಜಿನ ಮೇಲೆ ಇಟ್ಟುಕೊಂಡೆ.

ಅದೇ ವಾರ ಅಧ್ಯಕ್ಷರಿಗೆ ಎಲ್ಲಿಯದೋ ಒಂದು ಸಮಾಜಸೇವೆಯ ಪ್ರಶಸ್ತಿ ಬಂತು. ಕಾಲೇಜಿನಲ್ಲಿ ಸನ್ಮಾನ ಎಂದಾಯಿತು. ಪತ್ರ ಎಂದಿನಂತೆ ನನ್ನ ಪಾಲಿಗೆ. ಬರೆದು ಮುಗಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ನಾನು ಕ್ಲಾಸಿನಲ್ಲಿದ್ದಾಗ ಮ್ಯಾನೇಜರ್ ಬಾಗಿಲಲ್ಲಿ ನಿಂತು, ‘ಸಾರ್, ಡಿಟಿಪಿಗೆ ಕಳಿಸ್ಬೇಕು, ಪತ್ರ ಎಲ್ಲೈತೆ?’ ಎಂದರು. ನಾನು ಬೋರ್ಡಿನಿಂದ ತಿರುಗದೆ, ‘ಮೇಜಿನ ಹತ್ರ ಐತೆ, ತಗೊಳ್ರಿ’ ಎಂದೆ. ಮೇಜಿನ ಮೇಲೆ ದುಂಡಗಿನ ಅಕ್ಷರದಲ್ಲಿ ‘ಸನ್ಮಾನ ಪತ್ರ’ ಎಂದು ಬರೆದ ಹಾಳೆ ಇತ್ತು, ಕೆಳಗೆ ‘ಬಹಳ ಚೆನ್ನಾಗಿದೆ’ ಎಂದು ನನ್ನ ಸಹಿಯೂ ಇತ್ತು. ಅವರು ಅದನ್ನೇ ಒಯ್ದರು. ಡಿಟಿಪಿಯವನು ಬಣ್ಣದ ಬಾರ್ಡರ್ ಹಾಕಿ ಟೈಪ್ ಮಾಡಿದ. ಕಟ್ಟು ಹಾಕುವವನು ಕಟ್ಟು ಹಾಕಿದ. ಮೂವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಸಾಲುಗಳ ಕೊನೆಗೆ ‘ರೇ’ ಇತ್ತು, ಹರಿಕಾರ ಇದ್ದ, ಮಹನೀಯ ಇದ್ದ. ಸನ್ಮಾನ ಪತ್ರದಲ್ಲಿ ಮಿಕ್ಕದ್ದನ್ನು ಓದುವ ಪದ್ಧತಿ ನಮ್ಮಲ್ಲಿಲ್ಲ.

ಸನ್ಮಾನದ ದಿನ ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿ ಕಟ್ಟನ್ನು ಕೈಗೆ ತೆಗೆದುಕೊಂಡೆ. ಮೊದಲ ಸಾಲಿಗೇ ಗೊತ್ತಾಯಿತು, ಇದು ನನ್ನದಲ್ಲ, ಆ ಹುಡುಗಿಯ ಪತ್ರ. ಮುಂದೆ ತುಂಬಿದ ಸಭೆ. ಪಕ್ಕದಲ್ಲಿ ಪೇಟ ತೊಟ್ಟು ತಲೆ ತಗ್ಗಿಸಿ ಕೂತ ಅಧ್ಯಕ್ಷರು. ಮೂರನೆಯ ಸಾಲಿನಲ್ಲಿ ಆ ಹುಡುಗಿ. ಪತ್ರ ಬದಲಾಗಿದೆ ಎಂದು ಹೇಳಬಹುದಿತ್ತು. ಅವಳು ಬರೆದ ದನಿಯಲ್ಲೇ ಓದಬಹುದಿತ್ತು, ಬೀಗ ಎಂಬಲ್ಲಿ ಒಂದು ಗಳಿಗೆ ನಿಂತಿದ್ದರೂ ಸಾಕಿತ್ತು. ಆದರೆ ಜೂನ್‌ಗೆ ಎರಡೇ ತಿಂಗಳು ಇತ್ತು. ನಾನು ಹೊಟ್ಟೆಯ ತಳದಿಂದ ನನ್ನ ಸನ್ಮಾನದ ದನಿಯನ್ನು ಎತ್ತಿದೆ.

ಒಂದೊಂದು ‘ರೇ’ಯನ್ನೂ ಎಳೆದೆಳೆದು, ಕೊನೆಯಲ್ಲಿ ಸ್ವಲ್ಪ ನಡುಗಿಸಿ ಓದಿದೆ. ಎಲ್ಲಿ ಎಳೆದರೆ ಚಪ್ಪಾಳೆ ಬರುತ್ತದೆ ಎಂದು ನನಗೆ ಗೊತ್ತು. ‘ಬೀಗ ಹಾಕಿಸಿ ಕಾಪಾಡಿದ ಸ್ವಚ್ಛತೆಯ ಹರಿಕಾರರೇ’ ಎಂಬಲ್ಲಿ ಬಂದದ್ದು ಅಂದಿನ ಅತಿ ದೊಡ್ಡ ಚಪ್ಪಾಳೆ. ನೀರು ಮುಟ್ಟದ ತಪಸ್ಸಿಗೆ ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು. ಹುಡುಗಿಯರ ಸಾಲಿನಲ್ಲಿ ಮೊದಲು ಸಣ್ಣ ನಗೆ ಎದ್ದಿತ್ತು. ನನ್ನ ದನಿ ಕೇಳಿ ಅದೂ ಅಡಗಿತು. ಅಧ್ಯಕ್ಷರು ಶಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡು ಮೈಕಿಗೆ ಬಂದರು.

‘ಆ ಬಿಲ್ಡಿಂಗ್ ಬಗ್ಗೆ ಇಲ್ಲೀತನಕ ಯಾರೂ ಒಂದು ಮಾತು ಆಡಿರ್ಲಿಲ್ಲ. ಇವತ್ತು ನೀವು ಗುರುತಿಸಿದ್ರಿ. ನನಗೆ ಪ್ರಶಸ್ತಿಗಿಂತ ಇದು ದೊಡ್ಡದು. ಇನ್ಮುಂದೇನೂ ಹಂಗೇ ಕಾಪಾಡ್ತೀನಿ’ ಎಂದರು.

ಮತ್ತೆ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ನಾನೂ ಕೈ ಸೇರಿಸಿದೆ. ಕೆಳಗೆ ಇಳಿದಾಗ ಮ್ಯಾನೇಜರ್ ನನ್ನ ಕೈ ಹಿಡಿದು, ‘ಈ ಸಲದ್ದು ಭಾಳ ಮನಸ್ಸಿಗೆ ಮುಟ್ತು ಸಾರ್’ ಎಂದರು. ಅಬ್ಬ, ಬಚಾವಾದೆ ಎಂದುಕೊಂಡು ಮನೆಗೆ ಹೋಗಿ ನಿದ್ದೆ ಮಾಡಿದೆ.

ಆ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. ಕ್ಲಾಸಿಗೆ ಬಂದಳು, ಕೂತಳು, ಬರೆದುಕೊಂಡಳು, ಹೋದಳು. ನಾನೇ ಒಂದು ದಿನ ವರಾಂಡದಲ್ಲಿ ನಿಲ್ಲಿಸಿ, ‘ಪತ್ರ ಅದಲು ಬದಲು ಆಯ್ತು ಕಣಮ್ಮ, ನನಗೂ ಗೊತ್ತಿರ್ಲಿಲ್ಲ’ ಎಂದೆ. ‘ಹೌದಾ ಸಾರ್’ ಎಂದಷ್ಟೇ ಹೇಳಿ ಬಸ್ಸಿಗೆ ಹೋದಳು. ನನಗೆ ಆ ಎರಡು ಮಾತಿನ ಟೋನ್ ಏನೆಂದು ತಿಳಿಯಿತು, ತಿಳಿಯದವನಂತೆ ಇದ್ದುಬಿಟ್ಟೆ.

ಮೂರು ವಾರ ಕಳೆದು ಎರಡನೆಯ ಟೆಸ್ಟ್ ಬಂತು. ಟೋನ್ ಮತ್ತು ಮೂಡ್‌ಗೆ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯೊಂದಿಗೆ ವಿವರಿಸಿ ಎಂದು ಕೇಳಿದ್ದೆ. ಮಿಕ್ಕವರೆಲ್ಲ ಅವ್ವನ ತಟ್ಟೆಯ ಸದ್ದನ್ನೇ ಬರೆದಿದ್ದರು. ಅವಳು ಬರೆದದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಒಂದು ಪತ್ರವನ್ನು ಬರೆದವಳಿಗೆ ಸಿಟ್ಟು ಇತ್ತು. ಓದಿದವರಿಗೆ ಭಯ ಇತ್ತು. ಪದಗಳು ಅವೇ, ಆದರೆ ಸಿಟ್ಟು ಯಾರಿಗೂ ಕೇಳಿಸಲಿಲ್ಲ. ಇದು ಟೋನ್. ಸಭೆಯವರಿಗೆ ಸಂತೋಷವಾಯಿತು, ಅಧ್ಯಕ್ಷರಿಗೆ ಅಳು ಬಂತು. ಇದು ಮೂಡ್. ನಾವು ಹುಡುಗಿಯರು ಆ ದಿನವೂ ನೀರು ಕುಡಿದಿರಲಿಲ್ಲ.’

ಹತ್ತಕ್ಕೆ ಹತ್ತು ಕೊಟ್ಟೆ. ಕೊಟ್ಟು ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಎರಡು ದಿನ ಅದು ಜೇಬಿನಲ್ಲೇ ಇತ್ತು. ಊಟಕ್ಕೆ ಕೂತಾಗ ಲೋಟ ಎತ್ತಿದರೆ ನೆನಪಾಗುತ್ತಿತ್ತು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅಧ್ಯಕ್ಷರ ಮನೆಯೂ ರೇಷ್ಮೆ ಸೀರೆಯ ವ್ಯಾಪಾರವೂ ಅಲ್ಲೇ. ತಳಕು ದಾಟುವವರೆಗೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಒಂಬತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ, ಎಷ್ಟು ಸಲ ಶುರು ಮಾಡಿದರೂ ‘ತಮ್ಮಂಥ ದೊಡ್ಡ ಮನಸ್ಸಿನವರು’ ಎಂದೇ ಬರುತ್ತಿತ್ತು. ಬೀದಿಯಲ್ಲಿ ಇಳಿದಾಗ ಮನೆಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಭಾನುವಾರವೆಂದು ಮಗ್ಗಕ್ಕೇನೂ ರಜೆ ಇರಲಿಲ್ಲ.

ಅಧ್ಯಕ್ಷರು ನನ್ನನ್ನು ಕಂಡು ಹಿಗ್ಗಿಹೋದರು. ಪಡಸಾಲೆಯಲ್ಲಿ ದೇವರ ಪಟಕ್ಕೂ ಅವರ ಪಟಕ್ಕೂ ನಡುವೆ ಸನ್ಮಾನ ಪತ್ರ ತೂಗುತ್ತಿತ್ತು. ಮಂಚದ ಮೇಲೆ ಅವರ ತಾಯಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಎಂಬತ್ತು ದಾಟಿದ ಮುದುಕಿ, ಅರ್ಧ ಕನ್ನಡ, ಅರ್ಧ ತೆಲುಗು. ನಾನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಪತ್ರವನ್ನು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟರು.

‘ಅವ್ವ ಅವತ್ತು ಬಂದಿರ್ಲಿಲ್ಲ ಸಾರ್. ಒಂದ್ಸಲ ಓದ್ರಿ, ನಿಮ್ಮ ಬಾಯಾಗೆ ಕೇಳ್ಬೇಕು’ ಎಂದರು.

ಹೇಳಬೇಕೆಂದು ಬಂದ ಮಾತು ಇದರಲ್ಲೇ ಇದೆಯಲ್ಲ ಎನ್ನಿಸಿತು. ಈ ಸಲ ‘ರೇ’ಯನ್ನು ಎಳೆಯಲಿಲ್ಲ. ಎದುರಿಗೆ ಕೂತವರಿಗೆ ನಡೆದದ್ದನ್ನು ಹೇಳುವ ಹಾಗೆ, ಒಂದೊಂದೇ ಮಾತನ್ನು ನಿಲ್ಲಿಸಿ ನಿಲ್ಲಿಸಿ ಓದಿದೆ. ಹೆಣ್ಣುಮಕ್ಕಳಿಗಾಗಿ ಶೌಚಾಲಯ ಕಟ್ಟಿಸಿ. ಎರಡು ವರ್ಷದಿಂದ. ಬೀಗ ಹಾಕಿಸಿ. ಅಷ್ಟಕ್ಕೆ ಕುಟ್ಟುವ ಸದ್ದು ನಿಂತಿತು. ಬೆಳಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವತನಕ ಹನಿ ನೀರು ಮುಟ್ಟದಂತೆ.

‘ಆಗಪ್ಪಾ, ನಿಲ್ಲು’ ಎಂದು ಮುದುಕಿ ಕೈ ಎತ್ತಿ ನನ್ನನ್ನು ತಡೆದರು. ಮಗನ ಕಡೆ ತಿರುಗಿ, ‘ಬೀಗ ಹಾಕಿದ್ರೆ ಹುಡ್ಗೇರು ಎಲ್ಲಿಗೆ ಹೋಗ್ತಾರೋ?’ ಎಂದರು.

‘ಅಲ್ಲವ್ವ, ಉದ್ಘಾಟನೆ ಆಗ್ಬೇಕಲ್ಲ, ಅದಕ್ಕೆ...’

‘ಇದ್ರಾಗೆ ಹೊಗಳಿಕೆ ಎಲ್ಲೈತೆ? ನಿನ್ನ ಮಖಕ್ಕೆ ಉಗುದಾರೆ. ಅದನ್ನ ತಂದು ದೇವ್ರ ಪಕ್ಕ ತೂಗಾಕಿಯಲ್ಲೋ! ಮಗ್ಗದ ಮನೀಗೆ ಸೊಸೆಯಾಗಿ ಬಂದಾಗ ನಾನೂ ಹಿಂಗೇ ಹಗಲೆಲ್ಲ ನೀರು ಕುಡೀದೆ ಕುಂತೋಳು. ಕತ್ತಲಾಗ್ಲಿ ಅಂತ ಕಾಯ್ತಿದ್ವಿ. ನಿನ್ನ ಹೊಟ್ಟೇಲಿ ಇಟ್ಕೊಂಡಾಗ್ಲೂ ಹಂಗೇ. ನೀನೂ ಒಬ್ಬ ಹೆಂಗಸಿನ ಹೊಟ್ಟೇಲಿ ಹುಟ್ಟಿದೋನಲ್ಲೇನೋ?’

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲ ಬಾರಿಗೆ ತಾವೇ ಓದಿದರು. ಓದುತ್ತ ಓದುತ್ತ ತುಟಿ ಬಿಗಿಯಾಯಿತು. ‘ಯಾರ್ರೀ ಇದನ್ನ ಬರ್ದಿದ್ದು?’ ಎಂದು ಕೇಳಿದರು.

ಅವಳ ಮನೆ ಅಲ್ಲಿಂದ ಎರಡು ಬೀದಿ ಆಚೆ. ಅವಳ ಅಪ್ಪ ನೇಯುವ ಸೀರೆ ಹೋಗುವುದು ಇವರ ಅಂಗಡಿಗೇ. ‘ನಾನೇ’ ಎಂದೆ. ಅಂಥದ್ದೊಂದು ಸಾಲನ್ನೂ ಬರೆಯಲು ಬಾರದವನು ಹಾಗೆ ಹೇಳಿಕೊಂಡೆ. ಅಧ್ಯಕ್ಷರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪತ್ರವನ್ನು ಬೋರಲಾಗಿ ಮಂಚದ ಮೇಲಿಟ್ಟರು. ಮುದುಕಿ ಮಾತ್ರ, ‘ಎವರು ರಾಸಿನಾ ಸರಿಗ್ಗಾ ರಾಸಿನಾರು’ ಎಂದು ತೆಲುಗಿನಲ್ಲಿ ಹೇಳಿ, ಯಾರು ಬರೆದಿದ್ದರೂ ಸರಿಯಾಗಿ ಬರೆದಿದ್ದಾರೆ ಎಂದು ನನಗಾಗಿ ಕನ್ನಡದಲ್ಲೂ ಹೇಳಿ, ಮತ್ತೆ ಅಡಿಕೆ ಕುಟ್ಟಲು ಕೂತರು. ನನಗೆ ಕಾಫಿ ಬರಲಿಲ್ಲ.

ಮಂಗಳವಾರ ಬೀಗ ತೆಗೆದರು. ಬೀಗದ ಕೈ ಎಲ್ಲಿದೆಯೆಂದು ಮ್ಯಾನೇಜರಿಗೇ ನೆನಪಿರಲಿಲ್ಲ, ಹಿಂದಿನ ಗ್ಯಾರೇಜಿನ ಸಾಬರು ಬಂದು ಒಡೆದರು. ಟೇಪನ್ನು ಯಾರೂ ಕತ್ತರಿಸಲಿಲ್ಲ, ಕೈ ಹಾಕಿದ ಕೂಡಲೇ ತಾನೇ ಉದುರಿತು. ಕಲ್ಲಿನ ಮೇಲೆ ದಿನಾಂಕದ ಜಾಗ ಖಾಲಿಯೇ ಉಳಿಯಿತು. ಆ ವಾರ ಪಾಠ ಮಾಡುತ್ತ ನೋಡಿದೆ, ಹುಡುಗಿಯರ ಬೆಂಚುಗಳ ಮೇಲೆ ನೀರಿನ ಬಾಟಲಿಗಳು ಬಂದಿದ್ದವು. ಒಂಬತ್ತು ವರ್ಷದಲ್ಲಿ ನಾನು ಮಾಡಿದ ಕೆಲಸ ಇದೊಂದೇ ಎನ್ನಿಸಿತು.

ಏಪ್ರಿಲ್‌ನ ಕೊನೆಯ ಕ್ಲಾಸು ಮುಗಿಸಿ ಹೊರಟಾಗ ಆ ಹುಡುಗಿ ವರಾಂಡದಲ್ಲಿ ಕಾಯುತ್ತಿದ್ದಳು. ಮುದುಕಿ ತಮ್ಮ ಬೀದಿಯ ಹೆಂಗಸರಿಗೆಲ್ಲ ವಿಷಯ ಹೇಳಿದ್ದರಂತೆ, ನಾನು ಓದಿದ ಹಾಗೆಯೇ ನಿಲ್ಲಿಸಿ ನಿಲ್ಲಿಸಿ ಹೇಳಿ ತೋರಿಸಿದ್ದರಂತೆ. ಮಾತು ಎರಡು ಬೀದಿ ದಾಟಿ ಇವರ ಮನೆಗೂ ಬಂದಾಗ ಅವಳು ಕಂಡಿಕೆ ಸುತ್ತುತ್ತ ಕೇಳಿಸಿಕೊಂಡಿದ್ದಳು.

‘ನೀವೇ ಬರ್ದಿದ್ದು ಅಂದ್ರಂತೆ ಸಾರ್.’

‘ಅಂದೆ ಕಣಮ್ಮ. ನಿನ್ನ ಹೆಸರು ಬರೋದು ಬೇಡ ಅಂತ.’

‘ಜೂನ್‌ನಾಗೆ ನಿಮ್ಮನ್ನ ಕರೀತಾರಾ?’

‘ಇಲ್ಲ ಅನ್ಸುತ್ತೆ’ ಎಂದೆ. ಅನ್ನಿಸಿದಂತೆಯೇ ಆಯಿತು.

ಅವಳು ಚೀಲದಿಂದ ಬಾಟಲಿ ತೆಗೆದು ಒಂದು ಗುಟುಕು ನೀರು ಕುಡಿದಳು, ಮುಚ್ಚಳ ತಿರುಗಿಸುತ್ತ ನನ್ನನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೆಣ್ಣೆಯೂ ಇರಲಿಲ್ಲ.

‘ಮೊದ್ಲ ಸಲಾನೇ ಹಂಗೆ ಓದಿದ್ರೆ ಆಗ್ತಿತ್ತಲ್ಲ ಸಾರ್?’

‘ಆಗ್ತಿತ್ತು’ ಎಂದೆ.